ಒಂದೇ ಅಂಗಳ, ಮೂರು ಬಾಗಿಲು

ಸೋದರಿಯರೇ, ಅಬುಧಾಬಿ ಎಂದೊಡನೆ ನಮ್ಮ ಕಣ್ಮುಂದೆ ಬರುವುದು ಬಂಗಾರದ ಅಂಗಡಿ, ಖರ್ಜೂರ, ಆಕಾಶ ಮುಟ್ಟುವ ಕಟ್ಟಡಗಳು. ನಾನೂ ಅಲ್ಲಿಗೆ ಹೊರಟಾಗ ಅಷ್ಟನ್ನೇ ಅಂದುಕೊಂಡಿದ್ದೆ. ಆದರೆ ಅಲ್ಲಿ ಕೆಲಸದಲ್ಲಿರುವ ನನ್ನ ತಮ್ಮ, "ಅಕ್ಕಾ, ಅಂಗಡಿ ಎಲ್ಲಿಗೂ ಓಡಿಹೋಗೋಲ್ಲ, ಮೊದಲು ಒಂದು ಜಾಗ ತೋರಿಸ್ತೀನಿ ಬಾ" ಎಂದು ಸಾದಿಯಾತ್ ದ್ವೀಪಕ್ಕೆ ಕರೆದೊಯ್ದ. ಒಂದೇ ಆವರಣದಲ್ಲಿ ಮಸೀದಿ, ಚರ್ಚು, ಯೆಹೂದ್ಯರ ಸಿನಗಾಗ್ ಮೂರೂ ಇರುವ ಜಾಗ ಅದು. ಹೆಸರು 'ಅಬ್ರಹಾಮಿಕ್ ಫ್ಯಾಮಿಲಿ ಹೌಸ್', ಅಂದರೆ ಅಬ್ರಹಾಮನ ಕುಟುಂಬದ ಮನೆ. ಮುಸ್ಲಿಮರು ಇಬ್ರಾಹಿಂ ಎಂದು ಕರೆಯುವ ಈ ಹಿರಿಯನನ್ನು ಮೂರು ಮತದವರೂ ತಮ್ಮ ಮೂಲಪುರುಷನೆಂದು ಗೌರವಿಸುತ್ತಾರೆ.

ನಿಜ ಹೇಳಲೇ? ಒಂದೇ ಹಜಾರದಲ್ಲಿ ಮೂವರೂ ಕೂತು ಪ್ರಾರ್ಥನೆ ಮಾಡುತ್ತಾರೇನೋ ಎಂದು ನಾನು ಭಾವಿಸಿದ್ದೆ. ಹಾಗೇನೂ ಇಲ್ಲ. ಮೂರು ಬೇರೆ ಬೇರೆ ಕಟ್ಟಡ, ಬೇರೆ ಬೇರೆ ಬಾಗಿಲು. ಪ್ರತಿಯೊಂದೂ 30 ಮೀಟರ್ ಉದ್ದ, 30 ಮೀಟರ್ ಅಗಲ, 30 ಮೀಟರ್ ಎತ್ತರ. ಒಂದು ಹೆಚ್ಚಲ್ಲ, ಒಂದು ಕಡಿಮೆಯಲ್ಲ. ಆದರೆ ಮುಖ ಮಾತ್ರ ಒಂದೊಂದು ದಿಕ್ಕಿಗೆ! ಮಸೀದಿ ಮೆಕ್ಕಾದ ಕಡೆಗೆ, ಚರ್ಚು ಸೂರ್ಯ ಹುಟ್ಟುವ ಮೂಡಣಕ್ಕೆ, ಸಿನಗಾಗ್ ಜೆರುಸಲೇಮಿನ ಕಡೆಗೆ. ಮೂರಕ್ಕೂ ನಡುವೆ ಒಂದೇ ತೋಟ. ಯಾರೇ ಬಂದರೂ ಈ ಅಂಗಳವನ್ನು ದಾಟಿಯೇ ತಮ್ಮ ಬಾಗಿಲಿಗೆ ಹೋಗಬೇಕು.

ಇದು ಹುಟ್ಟಿದ ಕಥೆಯೂ ತಿಳಿದಿರಲಿ. 2019ರ ಫೆಬ್ರವರಿ 4ರಂದು ಅಬುಧಾಬಿಯಲ್ಲಿ ಪೋಪ್ ಫ್ರಾನ್ಸಿಸ್ ಮತ್ತು ಈಜಿಪ್ಟಿನ ಅಲ್ ಅಜರ್‌ನ ಮಹಾ ಇಮಾಮ್ ಅಹ್ಮದ್ ಅಲ್ ತಯ್ಯಿಬ್ ಮಾನವ ಸೋದರತ್ವದ ಒಂದು ಪತ್ರಕ್ಕೆ ಸಹಿ ಹಾಕಿದರು. ಆ ಮಾತಿನ ನೆನಪಿಗೆ ಈ ಆವರಣವನ್ನು ಕಟ್ಟಲಾಯಿತು. ನಕ್ಷೆ ಮಾಡಿದವರು ವಾಸ್ತುಶಿಲ್ಪಿ ಡೇವಿಡ್ ಅಜಾಯೆ. 2023ರಲ್ಲಿ ಬಾಗಿಲು ತೆರೆಯಿತು.

ಇಟ್ಟ ಹೆಸರುಗಳನ್ನು ನೋಡಿ, ಎಷ್ಟು ಯೋಚಿಸಿ ಇಟ್ಟಿದ್ದಾರೆ! ಮಸೀದಿಗೆ ಅದೇ ಇಮಾಮ್ ಅಲ್ ತಯ್ಯಿಬ್ ಅವರ ಹೆಸರು. ಚರ್ಚಿಗೆ ಅಸ್ಸಿಸಿಯ ಸಂತ ಫ್ರಾನ್ಸಿಸರ ಹೆಸರು. ಈ ಸಂತರು 1219ರಲ್ಲಿ, ಕ್ರೈಸ್ತರೂ ಮುಸ್ಲಿಮರೂ ಯುದ್ಧದಲ್ಲಿ ತೊಡಗಿದ್ದಾಗಲೇ, ಈಜಿಪ್ಟಿನ ಸುಲ್ತಾನನನ್ನು ಹೋಗಿ ಕಂಡು ಮಾತಾಡಿ ಬಂದವರು. ಸಿನಗಾಗಿಗೆ ಮೋಸೆಸ್ ಬೆನ್ ಮೈಮನ್ ಎಂಬ ಯೆಹೂದಿ ಪಂಡಿತರ ಹೆಸರು. ಹನ್ನೆರಡನೇ ಶತಮಾನದ ಇವರು ಮುಸ್ಲಿಂ ದೊರೆಗಳ ಆಸ್ಥಾನದಲ್ಲಿ ವೈದ್ಯರಾಗಿದ್ದರು, ಅರಬ್ಬೀ ಭಾಷೆಯಲ್ಲೇ ಗ್ರಂಥ ಬರೆದರು.

ಒಳಗಿನ ಸೊಬಗೂ ಒಂದೊಂದು ಬಗೆ. ಮಸೀದಿಯಲ್ಲಿ ನಮ್ಮ ಹಳೆಯ ಮನೆಗಳ ಜಾಲಂಧ್ರದಂಥ ಕಿಂಡಿಗಳಿಂದ ಬೆಳಕು ಸೋಸಿ ಬರುತ್ತದೆ. ಚರ್ಚಿನಲ್ಲಿ ಛಾವಣಿಯಿಂದ ಮರದ ತೆಳುಪಟ್ಟಿಗಳು ಮಳೆಯ ಎಳೆಗಳಂತೆ ಇಳಿಬಿದ್ದಿವೆ. ಸಿನಗಾಗಿನಲ್ಲಿ ಕಂಚಿನ ಬಲೆಯೊಂದು ಗುಡಾರದಂತೆ ಮೇಲಿಂದ ತೂಗುತ್ತದೆ. "ಇದರಲ್ಲಿ ಯಾವುದು ಚೆನ್ನ?" ಎಂದು ತಮ್ಮ ಕೇಳಿದ. ಮೂರು ಮಕ್ಕಳಲ್ಲಿ ಯಾರು ಚೆಂದ ಎಂದು ತಾಯಿಯನ್ನು ಕೇಳಿದ ಹಾಗಾಯಿತು!

"ನಮ್ಮ ದೇವಸ್ಥಾನ ಎಲ್ಲಿ ಹಾಗಾದರೆ?" ಎಂದು ನೀವು ಕೇಳಬಹುದು, ನಾನೂ ಕೇಳಿದೆ. ಅಬುಧಾಬಿಯಲ್ಲೇ ಬೇರೊಂದು ಕಡೆ, ಅಬು ಮುರೈಖಾದಲ್ಲಿ, 2024ರ ಫೆಬ್ರವರಿಯಲ್ಲಿ ದೊಡ್ಡ ಕಲ್ಲಿನ ಹಿಂದೂ ಮಂದಿರ ತೆರೆದಿದೆ. ಹೋದವರು ಅದನ್ನೂ ನೋಡಬಹುದು.

ತೋಟದ ಕಟ್ಟೆಯ ಮೇಲೆ ಕೂತಾಗ ನನಗೆ ಮನೆಯ ಬೀರುವಿನಲ್ಲಿದ್ದ ಒಂದು ಸ್ಟೀಲ್ ಡಬ್ಬಿ ನೆನಪಾಯಿತು. ಹೇಳಿಕೊಳ್ಳಲು ನಾಚಿಕೆ, ಆದರೂ ಹೇಳುತ್ತೇನೆ. ನಮ್ಮ ಎದುರು ಮನೆಯವರು ಮುಸ್ಲಿಮರು. ಹನ್ನೆರಡು ವರ್ಷ ಯುಗಾದಿಗೆ ನಮ್ಮ ಒಬ್ಬಟ್ಟು ಆಚೆಗೆ, ರಂಜಾನಿಗೆ ಅವರ ಸುರಕುಂಬಾ ಈಚೆಗೆ. ಆಮೇಲೆ ಊರಿನಲ್ಲಿ ಏನೋ ಗಲಾಟೆ ಎಂದು ಸುದ್ದಿ, ಮೊಬೈಲಿನಲ್ಲಿ ದಿನಕ್ಕೆ ಹತ್ತು ಸಂದೇಶ. ಎದುರು ಮನೆಯವರು ನಮಗೇನೂ ಮಾಡಿರಲಿಲ್ಲ. ಆದರೂ ನಾನು ಬಾಗಿಲಲ್ಲಿ ಕಂಡರೆ ಒಳಗೆ ಸರಿಯತೊಡಗಿದೆ. ಅವರು ಕೊನೆಯ ಸಲ ಸುರಕುಂಬಾ ಕಳಿಸಿದ ಡಬ್ಬಿ ಎರಡು ವರ್ಷ ನನ್ನಲ್ಲೇ ಉಳಿಯಿತು. ಡಬ್ಬಿ ಖಾಲಿ ಹಿಂತಿರುಗಿಸಬಾರದು ಎಂಬುದು ನಮ್ಮಮ್ಮ ಕಲಿಸಿದ ಪಾಠ. ತುಂಬಿ ಕೊಡಲು ನನಗೆ ಮನಸ್ಸು ಬರಲಿಲ್ಲ.

ಅನ್ಯೋನ್ಯವಾಗಿರಬೇಕಾದರೆ ಎಲ್ಲರೂ ಒಂದೇ ಆಗಬೇಕು ಎಂದು ನಾನು ತಿಳಿದಿದ್ದೆ. ಅದಾಗದ ಮಾತು, ಹಾಗಾಗಿ ದೂರವೇ ವಾಸಿ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡಿದ್ದೆ. ಇಲ್ಲಿ ನೋಡಿದರೆ ಯಾರೂ ತಮ್ಮ ದಿಕ್ಕು ಬಿಟ್ಟಿಲ್ಲ. ಅಂಗಳ ಮಾತ್ರ ಒಂದು. ನಮ್ಮ ಓರಗಿತ್ತಿಯರ ಮನೆಗಳಲ್ಲಿ ಒಲೆ ಬೇರೆಯಾದರೂ ಬಾವಿ ಒಂದೇ ಇರುತ್ತಿರಲಿಲ್ಲವೇ?

ನೀವು ಹೋಗುವುದಾದರೆ ಕೆಲವು ಸೂಚನೆಗಳು. ಪ್ರವೇಶ ಉಚಿತ, ಆದರೆ ಮೊದಲೇ ಹೆಸರು ನೋಂದಾಯಿಸಿಕೊಳ್ಳಿ. ಭುಜ, ಮೊಣಕಾಲು ಮುಚ್ಚುವ ಉಡುಪು ಇರಲಿ. ಸೀರೆಯಾದರೆ ಸೆರಗು, ಚೂಡಿದಾರವಾದರೆ ದುಪ್ಪಟ್ಟ ಮಸೀದಿಯಲ್ಲಿ ತಲೆಗೆ ಹೊದೆಯಲು ಬೇಕಾಗುತ್ತದೆ. ಪಾದರಕ್ಷೆ ಸುಲಭವಾಗಿ ಕಳಚುವಂಥದ್ದಿರಲಿ. ಪ್ರಾರ್ಥನೆಯ ಹೊತ್ತು ಕೇಳಿ ತಿಳಿದುಕೊಂಡು ಹೋಗಿ. ಬಿಸಿಲು ಕಡಿಮೆಯಿರುವ ನವೆಂಬರಿನಿಂದ ಫೆಬ್ರವರಿಯವರೆಗಿನ ಕಾಲ ಹಿತ. ಎರಡು ಗಂಟೆಯಾದರೂ ಇಟ್ಟುಕೊಳ್ಳಿ.

ಊರಿಗೆ ಬಂದ ಮರುದಿನ ಡಬ್ಬಿ ತೊಳೆದು ಅಬುಧಾಬಿಯ ಖರ್ಜೂರ ತುಂಬಿ ಎದುರು ಮನೆಯ ಬಾಗಿಲು ತಟ್ಟಿದೆ. ಆಕೆ ಡಬ್ಬಿಯನ್ನು ನೋಡಿದರು, ನನ್ನನ್ನು ನೋಡಿದರು. "ಎಷ್ಟು ದಿನ ಆಯ್ತಲ್ಲ ಅಕ್ಕಾ" ಎಂದರು. ಯಾಕೆ ಎಂದು ಕೇಳಲಿಲ್ಲ. ಕೇಳಿದ್ದರೆ ನನ್ನ ಬಳಿ ಉತ್ತರವೂ ಇರಲಿಲ್ಲ. ಒಳಗೆ ಕರೆದು ಚಹಾ ಕೊಟ್ಟರು.

ನಿಮ್ಮ ಬೀರುವಿನಲ್ಲೂ ಅಂಥದ್ದೊಂದು ಡಬ್ಬಿ ಉಳಿದಿದೆಯೇ? ಅದನ್ನು ಹಿಂತಿರುಗಿಸಲು ಅಬುಧಾಬಿಗೆ ಹೋಗಿ ಬರಬೇಕಾಗಿಲ್ಲ. ಈ ಭಾನುವಾರವೇ ತುಂಬಿ ಕೊಟ್ಟು ಬನ್ನಿ.