ಕ್ಯಾಂಪರ್ ಕೊಳ್ಳೋ ಮೊದಲು ಅಪ್ಪ ಕೇಳಿದ ಪ್ರಶ್ನೆ

"ಜನರ ತೂಕ ಎಲ್ಲಿ ಸೇರಿಸಿದ್ದೀಯೋ?" ಅಂತ ಅಪ್ಪ ಕೇಳಿದಾಗ ನಾನು ಮುಂಗಡ ಕಳಿಸೋಕೆ ಫೋನ್ ಕೈಗೆ ತಗೊಂಡಾಗಿತ್ತು.

ನಾವಿರೋದು ಅಮೆರಿಕದ ಆರೆಗಾನ್ ರಾಜ್ಯದ ಹಿಲ್ಸ್‌ಬರೋದಲ್ಲಿ. ಮಂಡ್ಯದಿಂದ ಅಪ್ಪ, ಅಮ್ಮ ಆರು ತಿಂಗಳಿಗೆ ಬಂದಿದ್ದರು. ಹೋಟೆಲ್‌ಗೆ ದುಡ್ಡು ಸುರಿಯೋ ಬದಲು ಒಂದು ಹಳೇ ಕ್ಯಾಂಪರ್ ಕೊಂಡರೆ ಕ್ರೇಟರ್ ಲೇಕ್, ಸಮುದ್ರದಂಡೆ ಎಲ್ಲ ತೋರಿಸಬಹುದಲ್ಲ ಅನ್ನೋದು ನನ್ನ ಹೆಂಡತಿಯ ಐಡಿಯಾ. ಟ್ರಕ್ ಕ್ಯಾಂಪರ್ ಅಂದರೆ ಪಿಕಪ್ ಹಿಂದೆ ಎಳೆಯೋ ಮನೆಯಲ್ಲ. ಪಿಕಪ್‌ನಲ್ಲಿ ಸಾಮಾನು ಹಾಕುವ ಜಾಗದಲ್ಲೇ (ಇಲ್ಲಿ ಅದನ್ನು ಬೆಡ್ ಅಂತಾರೆ) ಇಳಿದು ಕೂರುವ ಪುಟ್ಟ ಕೋಣೆ. ಮಲಗೋ ಜಾಗ ಡ್ರೈವರ್ ತಲೆಯ ಮೇಲೆ ಚಾಚಿಕೊಂಡಿರುತ್ತೆ. ಭಾರವೆಲ್ಲ ಬೀಳೋದು ಪಿಕಪ್ ಬೆನ್ನ ಮೇಲೆ.

ನಮ್ಮದು ಎಫ್-150. ಡ್ರೈವರ್ ಬಾಗಿಲು ತೆಗೆದರೆ ಚೌಕಟ್ಟಿನಲ್ಲಿ ಒಂದು ಸ್ಟಿಕ್ಕರ್ ಇದೆ: ಜನ ಮತ್ತು ಸಾಮಾನು ಸೇರಿ 1,740 ಪೌಂಡ್ ಮೀರಬಾರದು. ಇದೇ ಪೇಲೋಡ್. ನಾನು ನೋಡಿದ್ದ ಕ್ಯಾಂಪರ್‌ನ ಜಾಹೀರಾತಿನಲ್ಲಿ 1,700 ಪೌಂಡ್, "ನಿಮ್ಮಂಥ ಪಿಕಪ್‌ಗೆ ಸರಿಹೋಗುತ್ತೆ" ಅಂತ ಬೇರೆ ಬರೆದಿತ್ತು. ಇನ್ನೂ ನಲವತ್ತು ಪೌಂಡ್ ಉಳೀತಲ್ಲ ಅಂತ ನಾನು ಖುಷಿಯಲ್ಲಿದ್ದೆ, ಕೋಡ್ ಬರೆದು ಹೊಟ್ಟೆ ಹೊರೆಯೋ ಮನುಷ್ಯ!

ಅಪ್ಪ ವರ್ಷಗಟ್ಟಲೆ ಸಕ್ಕರೆ ಕಾರ್ಖಾನೆಗೆ ಕಬ್ಬು ಸಾಗಿಸಿದವರು, ವೇಬ್ರಿಡ್ಜ್ ಮುಂದೆ ರಾತ್ರಿ ಕಳೆದವರು. ಹಳೇ ಲಕೋಟೆ ತಿರುಗಿಸಿ ಲೆಕ್ಕ ಬರೆದರು. ನಾವು ನಾಲ್ಕು ಜನ 580 ಪೌಂಡ್. ಉಳಿದದ್ದು 1,160. ಅದರಲ್ಲೇ ಕ್ಯಾಂಪರ್, ನೀರು, ಗ್ಯಾಸ್, ಬ್ಯಾಟರಿ, ಪಾತ್ರೆ, ಬಟ್ಟೆ ಎಲ್ಲ ಬರಬೇಕು. ಜಾಹೀರಾತಿನ 1,700 ಅನ್ನೋದು ಸಾಮಾನ್ಯವಾಗಿ ಕಾರ್ಖಾನೆಯ ಒಣ ತೂಕ. ಒಂದು ಗ್ಯಾಲನ್ ನೀರೇ ಎಂಟು ಪೌಂಡ್‌ಗಿಂತ ಜಾಸ್ತಿ, ಇಪ್ಪತ್ತು ಗ್ಯಾಲನ್ ಟ್ಯಾಂಕ್ ತುಂಬಿಸಿದರೆ ಇನ್ನೊಬ್ಬ ಆಳು ಹತ್ತಿ ಕೂತ ಹಾಗೆ. ಮುಂಗಡ ಕಳಿಸಿದ್ದರೆ ನಾಲ್ಕು ಜನರನ್ನು ಕೂರಿಸಿಕೊಂಡು ಗುಡ್ಡ ಇಳಿಯುವಾಗ ಬ್ರೇಕು, ಟೈರು, ಹಿಂದಿನ ಆಕ್ಸಲ್ ಏನಾಗ್ತಿತ್ತೋ. "ಸ್ಪ್ರಿಂಗ್ ಗಟ್ಟಿ ಮಾಡಿಸಿದರೆ ಆಯ್ತು" ಅಂತ ಹೇಳೋರು ಸಿಗ್ತಾರೆ. ಹಾಗೆ ಮಾಡಿಸಿದರೆ ಗಾಡಿ ಹಿಂದೆ ಬಾಗೋದು ಕಮ್ಮಿಯಾಗುತ್ತೆ ಅಷ್ಟೇ, ಸ್ಟಿಕ್ಕರ್ ಮೇಲಿನ ಅಂಕಿ ಬದಲಾಗಲ್ಲ.

ಒಂದು ಮಾತು: ಒಂದೇ ಮಾಡೆಲ್‌ನ ಎರಡು ಪಿಕಪ್‌ಗೆ ಪೇಲೋಡ್ ಬೇರೆ ಬೇರೆ ಇರುತ್ತೆ. ಅಂತರ್ಜಾಲದ ಅಂಕಿ ಬಿಡಿ, ನಿಮ್ಮ ಬಾಗಿಲನ್ನೇ ನೋಡಿ.

ಆಮೇಲೆ ನಾವು ಹುಡುಕಿದ್ದು ಪಾಪ್-ಅಪ್, ಅಂದರೆ ನಿಂತಾಗ ಚಾವಣಿ ಎತ್ತಿ, ಹೊರಡುವಾಗ ಇಳಿಸುವಂಥದ್ದು. ಗೋಡೆಯ ಅರ್ಧ ಬಟ್ಟೆ, ಹಾಗಾಗಿ ಹಗುರ. ಚಳಿಗೆ, ಗದ್ದಲಕ್ಕೆ ಅಷ್ಟು ಒಳ್ಳೇದಲ್ಲ, ಒಪ್ಪಿಕೊಳ್ತೀನಿ.

ಮೊದಲು ನೋಡಿದ್ದರ ಬಾಗಿಲು ತೆಗೆದರೆ ಘಮ್ಮಂತ ರೂಮ್ ಫ್ರೆಶ್ನರ್. ನನ್ನ ಹೆಂಡತಿಗೆ ಅಲ್ಲೇ ಅನುಮಾನ. ಹಾಸಿಗೆ ಎತ್ತಿ ಮೂಲೆಯಲ್ಲಿ ಹೆಬ್ಬೆರಳು ಒತ್ತಿದಳು, ನೆನೆದ ಅವಲಕ್ಕಿ ಥರ ಒಳಗೆ ಹೋಯ್ತು. ಆರೆಗಾನ್‌ನ ಮಳೆ ಚಾವಣಿಯ ಸಂದಿನಲ್ಲಿ ಇಳಿದು ಒಳಗಿನ ಮರವನ್ನು ಕೊಳೆಸಿತ್ತು. ಫ್ರಿಜ್, ಸ್ಟವ್ ಕೆಟ್ಟಿದ್ದರೆ ರಿಪೇರಿ ಮಾಡಿಸಬಹುದು. ಚೌಕಟ್ಟೇ ಕೊಳೆತರೆ ಬಿಟ್ಟು ಬನ್ನಿ, ಎಷ್ಟೇ ಅಗ್ಗವಾಗಿರಲಿ.

ಎರಡನೆಯದು ಯೂಜೀನ್‌ನಲ್ಲಿ, ನಿವೃತ್ತ ದಂಪತಿಯದು. ಅವರು ವೇಬ್ರಿಡ್ಜ್ ಚೀಟಿ ಜೋಪಾನವಾಗಿ ಇಟ್ಟಿದ್ದರು: ಕ್ಯಾಂಪರ್ ಇಟ್ಟಾಗ ಒಂದು, ಇಳಿಸಿದಾಗ ಒಂದು. ವ್ಯತ್ಯಾಸ 960 ಪೌಂಡ್, ಬ್ಯಾಟರಿ, ಗ್ಯಾಸ್ ಸೇರಿ, ನೀರಿಲ್ಲದೆ. ಅಪ್ಪನ ಮುಖ ಅರಳಿತು. ಬೆಡ್ ಉದ್ದ ಆರೂವರೆ ಅಡಿ, ಸರಿಹೋಯ್ತು. ಕ್ಯಾಂಪರ್ ಪಕ್ಕದಲ್ಲಿ ಭಾರದ ಕೇಂದ್ರ ತೋರಿಸುವ ಗುರುತು ಇತ್ತು. ಅದು ಹಿಂದಿನ ಆಕ್ಸಲ್‌ಗಿಂತ ಮುಂದೆ ಬರಬೇಕು, ಹಿಂದೆ ಬಂದರೆ ಗಾಡಿಯ ಮೂತಿ ಹಗುರಾಗುತ್ತೆ, ಸ್ಟೀರಿಂಗ್ ಹಿಡಿತ ಹೋಗುತ್ತೆ. ನಮ್ಮದು ಮುಂದೇ ಬಂತು. ಬಿಗಿಯುವ ಕೊಂಡಿ, ಜ್ಯಾಕ್, ಗ್ಯಾಸ್ ಲೀಕ್ ಎಲ್ಲ ನೋಡಿಕೊಂಡೆವು. ಗ್ಯಾಸ್ ಡಿಟೆಕ್ಟರ್ ಅವಧಿ ಮುಗಿದಿತ್ತು, ಹೊಸದು ಹಾಕಿಸಿದೆ.

ನಾನು ಮರೆತೇಬಿಟ್ಟಿದ್ದು ಅಮ್ಮನ ಮಂಡಿ. "ಮೇಲೆ ಹತ್ತಿ ನೋಡಮ್ಮ" ಅಂದೆ. ಒಂದು ಕಾಲಿಟ್ಟು, "ಮಲಗೋಕಾ, ಅಟ್ಟ ಹತ್ತೋಕಾ?" ಅಂತ ಇಳಿದುಬಿಟ್ಟರು. ಕೆಳಗಿನ ಬೆಂಚು ಬಿಡಿಸಿದರೆ ಒಬ್ಬರಿಗೆ ಹಾಸಿಗೆ ಆಗುತ್ತೆ. ಅಮ್ಮ ಅಲ್ಲಿ, ಅಪ್ಪ ಅಟ್ಟದಲ್ಲಿ, ನಾವಿಬ್ಬರೂ ಹೊರಗೆ ಟೆಂಟ್‌ನಲ್ಲಿ ಅಂತ ಅಂಗಳದಲ್ಲೇ ತೀರ್ಮಾನ ಆಯ್ತು. ಏಳು ಸಾವಿರದ ಐನೂರು ಡಾಲರ್ ಕೊಟ್ಟು ತಂದೆವು.

ಹೊರಡುವ ದಿನ ಹಿಂದಿನ ಬಾಗಿಲು ಬಿಚ್ಚಿಟ್ಟು, ಸಾಮಾನು ತುಂಬಿ, ನಾಲ್ಕೂ ಜನ ಕೂತು ಹೈವೇ ಪಕ್ಕದ ಟ್ರಕ್ ಸ್ಟಾಪ್‌ನಲ್ಲಿ ತೂಕ ಹಾಕಿಸಿದೆವು. ಗಾಡಿಗೆ ಮಿತಿ 7,000 ಪೌಂಡ್, ಬಂದದ್ದು 6,910. ನೀರು ಕ್ಯಾಂಪ್ ತಲುಪಿದ ಮೇಲೆ ತುಂಬಿಸೋದು ಅಂತ ನಿರ್ಧಾರವಾಗಿತ್ತು. ಅಮ್ಮನ ಮಿಕ್ಸಿ ಮನೆಯಲ್ಲೇ ಉಳೀತು, ಅದರ ಬಗ್ಗೆ ಕಾರಿನಲ್ಲಿ ಒಂದು ಗಂಟೆ ಮಾತಾಯ್ತು. ಚೀಟಿಯನ್ನು ಅಪ್ಪ ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡರು, ನನ್ನ ಕೈಗೆ ಕೊಡಲೇ ಇಲ್ಲ.