ಟ್ರಂಕಿಗೊಂದು ಜಾಗ, ಜಪಸರಕ್ಕೊಂದು ಹೊತ್ತು
ಮುಂಬಯಿಯ ಗೋವಾ ‘ಕುಡ್’ಗಳಲ್ಲಿ ಬೆಳೆದ ಅತಿಥಿ ಸತ್ಕಾರ

ಮುಂಬಯಿ: ಧೋಬಿ ತಲಾವ್‌ನಲ್ಲಿ ಮೆಟ್ರೊ ಸಿನಿಮಾದ ಹತ್ತಿರವಿರುವ ಜೇರ್ ಮಹಲ್ ಎಂಬ ಹಳೆಯ ಕಟ್ಟಡದ ಮುಂದೆ ಹಾದುಹೋಗದ ಹಳೆಯ ಮುಂಬಯಿ ಕನ್ನಡಿಗರು ಅಪರೂಪ. ಕೆಳಗಿನ ಇರಾನಿ ಹೊಟೇಲಿನಲ್ಲಿ ಚಹಾ ಕುಡಿದವರೂ ಅನೇಕರಿದ್ದಾರೆ. ಆದರೆ ಮೇಲಿನ ಮಾಳಿಗೆಗಳ ಸಂಗತಿ ಹೆಚ್ಚಿನವರಿಗೆ ಗೊತ್ತಿಲ್ಲ. ಗೋವಾದ ಕ್ಯಾಥೋಲಿಕ್ ಕ್ರೈಸ್ತರ ‘ಕುಡ್’ಗಳಿಗೆ ದೀರ್ಘಕಾಲ ಆಸರೆ ನೀಡಿದ ಕಟ್ಟಡಗಳಲ್ಲಿ ಇದೂ ಒಂದು. ಕೊಂಕಣಿಯಲ್ಲಿ ಕುಡ್ ಎಂದರೆ ಕೋಣೆ. ಕನ್ನಡದ ಕಿವಿಗೆ ಅದು ‘ಕೂಡು’ ಎಂದು ಕೇಳಿಸಿದರೆ ತಪ್ಪೇನೂ ಇಲ್ಲ. ಅಲ್ಲಿ ನಡೆದದ್ದೂ ಅದೇ.

ಹತ್ತೊಂಬತ್ತನೇ ಶತಮಾನದಲ್ಲಿ ಪೋರ್ಚುಗೀಸರ ಆಡಳಿತದ ಗೋವಾದಲ್ಲಿ ದುಡಿಮೆಗೆ ದಾರಿ ಕಡಿಮೆಯಾದಾಗ ಅಲ್ಲಿನ ಯುವಕರು ಹೊಟ್ಟೆಪಾಡಿಗಾಗಿ ಬ್ರಿಟಿಷರ ಮುಂಬಯಿಗೆ ಬಂದರು. ಅಡುಗೆಯವರಾಗಿ, ಬಟ್ಲರುಗಳಾಗಿ, ದರ್ಜಿಗಳಾಗಿ, ಬ್ಯಾಂಡಿನ ವಾದ್ಯಗಾರರಾಗಿ ಕೆಲಸ ಹಿಡಿದರು. ಎಲ್ಲಕ್ಕಿಂತ ಹೆಚ್ಚಾಗಿ ಅವರನ್ನು ಕರೆದದ್ದು ಹಡಗು. ಪಿ ಆ್ಯಂಡ್ ಒ, ಬ್ರಿಟಿಷ್ ಇಂಡಿಯಾ ಮುಂತಾದ ಕಂಪೆನಿಗಳ ಪ್ರಯಾಣಿಕ ಹಡಗುಗಳಲ್ಲಿ ಅಡುಗೆಮನೆ, ಊಟದ ಸಾಲೆಗಳ ಕೆಲಸ ಬಹುಪಾಲು ಗೋವನ್ನರ ಕೈಯಲ್ಲಿತ್ತು. ಹಡಗಿನ ಕೆಲಸಕ್ಕೆ ಒಂದು ತೊಡಕು: ಒಂದು ಕರಾರು ಮುಗಿದ ಮೇಲೆ ಇನ್ನೊಂದು ಹಡಗು ಸಿಗುವವರೆಗೆ ಬಂದರಿನ ಊರಿನಲ್ಲೇ ಕಾಯಬೇಕು. ಅದು ವಾರವೂ ಆಗಬಹುದು, ತಿಂಗಳುಗಟ್ಟಲೆಯೂ ಆಗಬಹುದು. ಆದಾಯವಿಲ್ಲದ ಆ ದಿನಗಳಲ್ಲಿ ಮುಂಬಯಿಯಂತಹ ದುಬಾರಿ ಊರಿನಲ್ಲಿ ತಲೆ ಇಡುವುದು ಎಲ್ಲಿ?

ಈ ಪ್ರಶ್ನೆಗೆ ಊರಿನವರೇ ಕಂಡುಕೊಂಡ ಉತ್ತರ ಕುಡ್. ಒಂದೇ ಹಳ್ಳಿಯವರು ಸೇರಿ ಒಂದು ಜಾಗ ಹಿಡಿದರು, ಪ್ರತಿಯೊಬ್ಬರೂ ಅಲ್ಪ ಚಂದಾ ಹಾಕಿದರು, ತಮ್ಮೊಳಗಿನಿಂದಲೇ ಆಡಳಿತ ಸಮಿತಿ ಆರಿಸಿದರು. ಧೋಬಿ ತಲಾವ್, ಕಾವೆಲ್, ದಾಬುಲ್, ಮಝಗಾಂವ್, ಬೈಕುಲಾ ಪರಿಸರದಲ್ಲಿ ಇಂತಹ ನೂರಾರು ಕುಡ್‌ಗಳು ಒಂದು ಕಾಲಕ್ಕೆ ತುಂಬಿದ್ದವು.

ಒಳಗಿನ ವ್ಯವಸ್ಥೆ ಬಹಳ ಸರಳ. ಮಂಚವಿಲ್ಲ, ಬೇರೆ ಬೇರೆ ಕೋಣೆಗಳಿಲ್ಲ. ಒಂದು ದೊಡ್ಡ ಹಾಲ್, ಗೋಡೆಗುಂಟ ಸಾಲಾಗಿ ಟ್ರಂಕುಗಳು. ಟ್ರಂಕು ಇದ್ದಲ್ಲಿ ಅವನ ಜಾಗ, ಅದರ ಪಕ್ಕದಲ್ಲಿ ಚಾಪೆ. ಹಡಗು ಸಿಕ್ಕಿದರೆ ಆತ ಹೊರಟುಹೋಗುತ್ತಾನೆ, ಟ್ರಂಕು ಉಳಿಯುತ್ತದೆ. ವರ್ಷ ಕಳೆದು ಬಂದರೂ ಬೀಗ ಹಾಕಿದ್ದು ಹಾಗೆಯೇ ಇರುತ್ತದೆ ಎಂಬ ನಂಬಿಕೆಯ ಮೇಲೆ ಇಡೀ ವ್ಯವಸ್ಥೆ ನಿಂತಿತ್ತು. ಹೊಸದಾಗಿ ಬಂದ ಹುಡುಗನಿಗೆ ಯಾವ ಕಚೇರಿಗೆ ಹೋಗಬೇಕು, ಯಾವ ಕಾಗದ ಮಾಡಿಸಬೇಕು, ಯಾವ ದಲ್ಲಾಳಿಯನ್ನು ನಂಬಬಾರದು ಎಂಬ ಪಾಠ ಹೇಳುತ್ತಿದ್ದವರೂ ಅಲ್ಲಿನ ಹಿರಿಯ ನಾವಿಕರೇ.

ಹಾಲಿನ ಒಂದು ಬದಿಯಲ್ಲಿ ಊರಿನ ಪಾಲಕ ಸಂತರ ಪೀಠ. ರಾತ್ರಿಯ ಊಟಕ್ಕೆ ಮುನ್ನ ಗಂಟೆ ಬಾರಿಸಿದರೆ ಎಲ್ಲರೂ ಪೀಠದ ಮುಂದೆ ಮೊಣಕಾಲೂರಿ ಜಪಸರ ಹೇಳಬೇಕು. ಕೊಂಕಣಿಯಲ್ಲಿ ಇದೇ ‘ತೆರ್ಸ್’. ಇದು ಇಷ್ಟವಿದ್ದವರ ಭಕ್ತಿಯಲ್ಲ, ಕುಡ್‌ನ ನಿಯಮ. ತಪ್ಪಿಸಿದವರಿಗೆ ದಂಡ ಹಾಕುವ ಪದ್ಧತಿಯೂ ಇತ್ತು. ಕುಡಿತಕ್ಕೆ, ಜಗಳಕ್ಕೆ ಅವಕಾಶವಿಲ್ಲ. ಊರಿನ ಇಗರ್ಜಿಯ ವಾರ್ಷಿಕ ಹಬ್ಬ ಬಂದಾಗ ಊರಿಗೆ ಹೋಗಲಾಗದವರು ಇಲ್ಲಿಯೇ ‘ಲದಾಯಿನ್’ ಹಾಡಿ, ಬೇಯಿಸಿದ ಕಡಲೆ ಹಂಚಿ ಹಬ್ಬ ಮಾಡುತ್ತಿದ್ದರು.

ದಂಡ ಹಾಕಿ ಪ್ರಾರ್ಥನೆ ಮಾಡಿಸುವುದು ಎಂಥ ಪ್ರೀತಿ ಎಂದು ಯಾರಾದರೂ ಕೇಳಬಹುದು. ಆದರೆ ದಿನಕ್ಕೊಮ್ಮೆ ಎಲ್ಲರೂ ಒಟ್ಟಿಗೆ ಕುಳಿತುಕೊಳ್ಳುವ ಆ ಹೊತ್ತಿನಲ್ಲೇ ಯಾರು ಬಂದಿಲ್ಲ, ಯಾರಿಗೆ ಜ್ವರ, ಯಾರು ಹಡಗು ಸಿಗದೆ ಮುಖ ಬಾಡಿಸಿಕೊಂಡಿದ್ದಾನೆ ಎಂಬುದು ಎಲ್ಲರಿಗೂ ಗೊತ್ತಾಗುತ್ತಿತ್ತು. ಸಾವಿರಾರು ಜನರ ನಡುವೆ ಯಾರಿಗೂ ಬೇಡವಾಗಿ ಮಲಗಿರುವ ಸ್ಥಿತಿ ಈ ಮಹಾನಗರದಲ್ಲಿ ಹೊಸದೇನಲ್ಲ. ಕುಡ್‌ನಲ್ಲಿ ಅದು ಸಾಧ್ಯವಿರಲಿಲ್ಲ.

ಮುಂಬಯಿಯ ತುಳು-ಕನ್ನಡಿಗರಿಗೆ ಈ ಕತೆ ಅಪರಿಚಿತವಲ್ಲ. ಹಗಲು ಹೊಟೇಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಕಲಿತು, ಅದೇ ಹೊಟೇಲಿನ ಮೇಜಿನ ಮೇಲೆ ಮಲಗಿದ ಹುಡುಗರು ಮುಂದೆ ಸಂಘ ಕಟ್ಟಿದರು. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರಷ್ಟು ಹಿಂದೆಯೇ ಈ ನಗರದಲ್ಲಿ ಹುಟ್ಟಿತು. ವ್ಯತ್ಯಾಸ ಒಂದಿದೆ. ಹೊಟೇಲಿನ ಹುಡುಗನಿಗೆ ಆಸರೆ ಕೊಟ್ಟವನು ಮಾಲಿಕ. ಕೆಲಸ ಬಿಟ್ಟರೆ ಮಲಗುವ ಮೇಜೂ ಹೋಗುತ್ತಿತ್ತು. ಕುಡ್‌ನಲ್ಲಿ ಮಾಲಿಕನೂ ಇಲ್ಲ, ಅತಿಥಿಯೂ ಇಲ್ಲ. ಇಂದು ಚಾಪೆ ಪಡೆದವನು ನಾಳೆ ಚಂದಾ ಕೊಟ್ಟು ಇನ್ನೊಬ್ಬನಿಗೆ ಚಾಪೆ ಹಾಸುತ್ತಾನೆ. ಕೆಲಸವಿಲ್ಲದ ದಿನಗಳಲ್ಲೇ ಈ ಆಸರೆ ಹೆಚ್ಚು ಗಟ್ಟಿ. ಪಡೆದವನ ತಲೆ ತಗ್ಗದಂತೆ ಕೊಡುವುದು ಹೇಗೆ ಎಂಬುದನ್ನು ದೊಡ್ಡ ದೊಡ್ಡ ಧರ್ಮಶಾಲೆಗಳೂ ಇಷ್ಟು ಚೆನ್ನಾಗಿ ಕಂಡುಕೊಂಡಿಲ್ಲ.

ಇದರ ಬೇರು ಕ್ರೈಸ್ತ ಸಭೆಯ ಮೊದಲ ದಿನಗಳಲ್ಲೇ ಇದೆ. ಚಕ್ರವರ್ತಿ ಕ್ಲೌದಿಯನ ಆಜ್ಞೆಯಿಂದ ರೋಮ್ ಬಿಟ್ಟು ಬಂದ ಅಕ್ವಿಲ, ಪ್ರಿಸ್ಕಿಲ್ಲ ದಂಪತಿ ಕೊರಿಂಥದಲ್ಲಿ ನೆಲೆಸಿದ್ದಾಗ ಪೌಲನು ಅವರ ಮನೆಯಲ್ಲಿ ಉಳಿದನೆಂದು ಅಪೊಸ್ತಲರ ಕೃತ್ಯಗಳ 18ನೇ ಅಧ್ಯಾಯ ಹೇಳುತ್ತದೆ. ಇಬ್ಬರದೂ ಗುಡಾರ ಮಾಡುವ ಕಸುಬು. ಒಟ್ಟಿಗೆ ಕುಳಿತು ದುಡಿದರು. ಹೀಗೆ ಊರು ಕಳೆದುಕೊಂಡವರೇ ಊರಿಲ್ಲದವನಿಗೆ ಆಸರೆಯಾದರು. ಆದರೆ ಬರಿಯ ಒಳ್ಳೆಯತನದಿಂದ ಸತ್ಕಾರ ಬಾಳದು ಎಂಬುದೂ ಆ ಕಾಲದವರಿಗೆ ಗೊತ್ತಿತ್ತು. ‘ದಿದಖೆ’ ಎಂಬ ಪ್ರಾಚೀನ ಕ್ರೈಸ್ತ ಬೋಧನಾ ಗ್ರಂಥದ ಗ್ರೀಕ್ ಹಸ್ತಪ್ರತಿ 1873ರಲ್ಲಿ ದೊರೆತು 1883ರಲ್ಲಿ ಅಚ್ಚಾಯಿತು. ದಾರಿಹೋಕ ಬಂಧುವನ್ನು ಸ್ವಾಗತಿಸಿ ನೆರವಾಗಬೇಕು, ಅವನು ಎರಡು ಮೂರು ದಿನಕ್ಕಿಂತ ಹೆಚ್ಚು ಉಳಿಯಬಾರದು, ನೆಲೆಸುವುದಾದರೆ ಕಸುಬು ಮಾಡಿ ಉಣ್ಣಬೇಕು ಎಂಬ ಕಟ್ಟಳೆ ಅದರಲ್ಲಿದೆ. ಕುಡ್‌ನ ಹಿರಿಯರು ಆ ಗ್ರಂಥ ಓದಿ ನಿಯಮ ಮಾಡಿದವರಲ್ಲ. ಆದರೂ ಚಂದಾ, ಗಂಟೆ, ದಂಡ ಎಲ್ಲವೂ ಅದೇ ವ್ಯವಹಾರ ಜ್ಞಾನದಿಂದ ಬಂದವು.

ಯೋಹಾನನ ಮೂರನೆಯ ಪತ್ರದಲ್ಲಿ ಇಬ್ಬರು ಬರುತ್ತಾರೆ. ಗಾಯನು ಗುರುತಿಲ್ಲದ ಬಂಧುಗಳನ್ನೂ ಸತ್ಕರಿಸಿ ಕಳುಹಿಸುವವನು. ದಿಯೊತ್ರೇಫನು ಬಂದವರನ್ನು ಸೇರಿಸದೆ, ಸೇರಿಸಲು ಹೊರಟವರನ್ನೂ ತಡೆಯುವವನು. ಕುಡ್‌ನ ಹೊಸ್ತಿಲಲ್ಲಿ ಈ ಇಬ್ಬರೂ ನಿಂತಿದ್ದರು ಎನ್ನದೆ ವಿಧಿಯಿಲ್ಲ. ಬಾಗಿಲು ತೆರೆದದ್ದು ಆಯಾ ಹಳ್ಳಿಯವರಿಗೆ. ಪಕ್ಕದ ಹಳ್ಳಿಯವನು ಅದೇ ಜಪಸರ ಹೇಳುವವನಾದರೂ ತನ್ನ ಕುಡ್ ಹುಡುಕಿಕೊಳ್ಳಬೇಕು. ಒಂದೇ ಹಳ್ಳಿಯೊಳಗೂ ವಾಡೆ, ಜಾತಿಗಳ ಲೆಕ್ಕದಲ್ಲಿ ಬೇರೆ ಬೇರೆ ಕುಡ್‌ಗಳಾದದ್ದುಂಟು. ಹೆಂಗಸರಿಗಂತೂ ಅಲ್ಲಿ ವಾಸಕ್ಕೆ ಅವಕಾಶವಿರಲಿಲ್ಲ. ಆಯಾಗಳಾಗಿ, ಅಡುಗೆಯವರಾಗಿ ದುಡಿಯಲು ಇದೇ ನಗರಕ್ಕೆ ಬಂದ ಗೋವಾದ ಹೆಣ್ಣುಮಕ್ಕಳಿಗೆ ಊರಿನ ಹೆಸರಿನ ಆ ಹಾಲ್ ಒದಗಲಿಲ್ಲ. ಒಂದೇ ಪೀಠದ ಮುಂದೆ ಮೊಣಕಾಲೂರುವವರೆಲ್ಲ ಬಂಧುಗಳು ಎಂಬ ಮಾತಿಗೆ ಹಾಲಿನ ಗೋಡೆಯೇ ಎಲ್ಲೆಯಾಯಿತು. ಜಾತಿಗೊಂದು, ಊರಿಗೊಂದು ಸಂಘ ಕಟ್ಟಿಕೊಂಡಿರುವ ಕನ್ನಡಿಗರು ಇದನ್ನು ಕೇಳಿ ನಗುವಂತಿಲ್ಲ.

1961ರಲ್ಲಿ ಗೋವಾ ವಿಮೋಚನೆಯಾಯಿತು, ಊರಲ್ಲೇ ದುಡಿಮೆಗೆ ದಾರಿಗಳು ತೆರೆದುಕೊಂಡವು. ಮುಂದೆ ಅನೇಕರು ಮುಂಬಯಿಯಲ್ಲಿ ನೆಲೆಸುವ ಬದಲು ನೇರ ಕೊಲ್ಲಿಗೆ ಹೋದರು. 1998ರಲ್ಲಿ ಕೊಂಕಣ ರೈಲು ಪೂರ್ಣವಾಗಿ ಓಡತೊಡಗಿದ ಮೇಲೆ ರಾತ್ರಿ ಹತ್ತಿದರೆ ಬೆಳಿಗ್ಗೆ ಊರು. ತಿಂಗಳುಗಟ್ಟಲೆ ಕಾಯುವ ಅಗತ್ಯ ಕಡಿಮೆಯಾದಂತೆ ಕುಡ್‌ಗಳೂ ಒಂದೊಂದಾಗಿ ಬಾಗಿಲು ಹಾಕಿದವು. ಉಳಿದವುಗಳ ತಾಪತ್ರಯ ಬೇರೆ. ಕಟ್ಟಡಗಳು ಶಿಥಿಲವಾಗಿವೆ, ದಕ್ಷಿಣ ಮುಂಬಯಿಯ ಜಾಗಕ್ಕೆ ಬಂಗಾರದ ಬೆಲೆ. ಇಡೀ ಹಳ್ಳಿಯೇ ಹಕ್ಕುದಾರನಾಗಿರುವ ಹಾಲನ್ನು ಬಿಲ್ಡರನಿಗೆ ಕೊಡುವುದೋ ಬಿಡುವುದೋ ಎಂದು ತೀರ್ಮಾನಿಸುವವರು ಯಾರು? ಮುಂಬಯಿಯಲ್ಲಿ ಉಳಿದಿರುವ ನಾಲ್ಕು ಮಂದಿ ಸದಸ್ಯರೋ, ಊರಿನಲ್ಲಿರುವ ನೂರಾರು ಮನೆಯವರೋ? ಅಜ್ಜಂದಿರು ಬಿಡಿಗಾಸು ಕೂಡಿಸಿ ಹಿಡಿದ ಜಾಗ ಹಂಚಿಕೊಳ್ಳುವ ಆಸ್ತಿಯಾದರೆ, ಅಲ್ಲಿಗೆ ಚಾಪೆಯ ಕತೆ ಮುಗಿಯಿತು.

ಆದರೂ ಪೂರ್ತಿ ಖಾಲಿಯಾಗಿಲ್ಲ. ಪ್ರವಾಸಿ ಹಡಗುಗಳ ಸಂದರ್ಶನ, ವೈದ್ಯಕೀಯ ತಪಾಸಣೆ, ವೀಸಾ ಕೆಲಸಕ್ಕೆಂದು ಗೋವಾದ ಯುವಕರು ಈಗಲೂ ಮುಂಬಯಿಗೆ ಬರುತ್ತಾರೆ. ಲಾಡ್ಜಿನ ದರ ಕೇಳಿದರೆ ಎದೆ ಝಲ್ಲೆನ್ನುವ ಈ ಊರಿನಲ್ಲಿ ಅವರಲ್ಲಿ ಕೆಲವರ ಚೀಲ ಇಂದಿಗೂ ಇಳಿಯುವುದು ಅಜ್ಜನ ಟ್ರಂಕು ಇದ್ದ ಹಾಲಿನಲ್ಲೇ. ಅಲ್ಪ ಹಣ ಕಟ್ಟಿ, ಹೆಸರು ಬರೆಸಿ, ರಾತ್ರಿ ಗಂಟೆ ಬಾರಿಸಿದಾಗ ಮೊಬೈಲು ಬದಿಗಿಟ್ಟು ಪೀಠದ ಮುಂದೆ ಹೋಗಿ ನಿಲ್ಲಬೇಕು.