ವಿಮಾನದ ಟ್ಯಾಂಕ್ ಕಾಯುವ ಟೊಳ್ಳು ಎಳೆಗಳು

ನಮ್ಮ ಕಾಲೇಜಿನ ಅನೇಕರ ಮನೆಯಲ್ಲಿ ಒಬ್ಬರಾದರೂ ಗಲ್ಫ್‌ನಲ್ಲಿ ಕೆಲಸಕ್ಕಿದ್ದಾರೆ. ಉಮ್ರಾಕ್ಕೆ ಹೋಗಿಬಂದ ಹಿರಿಯರೂ ಇದ್ದಾರೆ. ವಿಮಾನ ಎಂದರೆ ನಮಗೆ ನೆನಪಾಗುವುದು ಟಿಕೆಟ್ ದರ ಮತ್ತು ಸಾಮಾನಿನ ತೂಕ. ಇಂಧನ ಟ್ಯಾಂಕಿನ ಬಗ್ಗೆ ಯಾರೂ ಯೋಚಿಸುವುದಿಲ್ಲ.

1996ರ ಜುಲೈ 17ರಂದು ನ್ಯೂಯಾರ್ಕಿನಿಂದ ಪ್ಯಾರಿಸ್‌ಗೆ ಹೊರಟ ಟಿಡಬ್ಲ್ಯುಎ 800 ವಿಮಾನ ಸುಮಾರು 12 ನಿಮಿಷಗಳಲ್ಲೇ ಸ್ಫೋಟಿಸಿತು. ಅದರಲ್ಲಿದ್ದ 230 ಮಂದಿಯೂ ತೀರಿಕೊಂಡರು. ಹೆಚ್ಚುಕಡಿಮೆ ಖಾಲಿಯಿದ್ದ ನಡುವಿನ ಟ್ಯಾಂಕಿನಲ್ಲಿ ಇಂಧನದ ಆವಿ ಗಾಳಿಯೊಂದಿಗೆ ಬೆರೆತು ಹೊತ್ತಿಕೊಂಡಿತ್ತು ಎಂದು ನಾಲ್ಕು ವರ್ಷಗಳ ತನಿಖೆ ಹೇಳಿತು. ಕಿಡಿ ಎಲ್ಲಿಂದ ಬಂತೆಂದು ಮಾತ್ರ ಖಚಿತವಾಗಲಿಲ್ಲ.

ಬೆಂಕಿಗೆ ಮೂರು ಬೇಕು: ಇಂಧನ, ಕಿಡಿ, ಆಮ್ಲಜನಕ. ಇಂಧನವಿಲ್ಲದೆ ವಿಮಾನ ಹಾರದು. ಪ್ರತಿ ಕಿಡಿಯನ್ನೂ ತಡೆಯುತ್ತೇವೆಂದು ಯಾರೂ ಹೇಳಲಾರರು. ಉಳಿದದ್ದು ಆಮ್ಲಜನಕ. ಗಾಳಿಯಲ್ಲಿ ಅದು ಶೇ. 21ರಷ್ಟಿದೆ. ಟ್ಯಾಂಕಿನೊಳಗೆ ಅದನ್ನು ಶೇ. 12ಕ್ಕೆ ಇಳಿಸಿದರೆ ಆವಿ ಹೊತ್ತಿಕೊಳ್ಳುವುದು ಬಹಳ ಕಷ್ಟ. ಅದಕ್ಕಾಗಿ ಒಳಗೆ ಸಾರಜನಕ ತುಂಬಬೇಕು. ಸಿಲಿಂಡರ್ ಹೊತ್ತೊಯ್ದರೆ ತೂಕವೂ ಹೆಚ್ಚು, ಮತ್ತೆ ಮತ್ತೆ ತುಂಬಿಸುವ ಖರ್ಚೂ ಹೆಚ್ಚು. ಹಾರುತ್ತಿರುವಾಗಲೇ ಗಾಳಿಯಿಂದ ಸಾರಜನಕ ಪಡೆದರೆ ಎರಡೂ ಉಳಿಯುತ್ತವೆ.

ಈ ಕೆಲಸ ಮಾಡುವುದು ಪಾಲಿಮರ್‌ನ ಟೊಳ್ಳು ಎಳೆಗಳು. ಒಂದೊಂದು ಎಳೆಯೂ ಕೂದಲಿನಂತೆ ಸಣ್ಣ, ಒಳಗೆ ಪೊಳ್ಳು. ಸಾವಿರಾರು ಎಳೆಗಳನ್ನು ಕಟ್ಟಾಗಿ ಒಂದು ಕೊಳವೆಯಲ್ಲಿ ಇಟ್ಟಿರುತ್ತಾರೆ. ಎಂಜಿನ್ನಿನಿಂದ ಬಂದ ಒತ್ತಡದ ಗಾಳಿಯನ್ನು ತಣಿಸಿ, ಸೋಸಿ, ಎಳೆಗಳ ಒಂದು ತುದಿಯಿಂದ ಒಳಗೆ ಬಿಡುತ್ತಾರೆ. ಆಮ್ಲಜನಕ ಎಳೆಯ ಗೋಡೆ ದಾಟಿ ಬೇಗ ಹೊರಹೋಗುತ್ತದೆ. ಸಾರಜನಕ ಹೆಚ್ಚಿರುವ ಗಾಳಿ ಇನ್ನೊಂದು ತುದಿ ತಲುಪಿ ಟ್ಯಾಂಕಿಗೆ ಸೇರುತ್ತದೆ.

ಇದು ನಮ್ಮ ಮನೆಯ ಜರಡಿಯಂತೆ, ಉರ್ದುವಿನ ಛಲ್ನಿಯಂತೆ, ತೂತಿನಿಂದ ಸೋಸುವ ಕೆಲಸವಲ್ಲ. ಅನಿಲ ಮೊದಲು ಪಾಲಿಮರ್‌ನಲ್ಲಿ ಕರಗುತ್ತದೆ, ಅದರೊಳಗೆ ನುಸುಳಿ, ಆಚೆ ಬದಿಯಲ್ಲಿ ಹೊರಬರುತ್ತದೆ. ಆಮ್ಲಜನಕದ ಅಣು ಸಾರಜನಕದ ಅಣುವಿಗಿಂತ ಸ್ವಲ್ಪ ಸಣ್ಣದು, ಹಾಗಾಗಿ ಅದರ ನಡಿಗೆ ವೇಗ. ಲಂಡನ್ನಿನಲ್ಲಿದ್ದ ರಸಾಯನ ವಿಜ್ಞಾನಿ ಥಾಮಸ್ ಗ್ರಹಾಂ 1866ರಲ್ಲೇ ರಬ್ಬರ್ ಪೊರೆಯಿಂದ ಗಾಳಿಯ ಆಮ್ಲಜನಕದ ಪ್ರಮಾಣ ಹೆಚ್ಚಿಸಿ ತೋರಿಸಿದ್ದರು.

ಹಾಗಾದರೆ ಚಪ್ಪಟೆ ಹಾಳೆ ಸಾಲದೆ? ವಾಣಿಜ್ಯ ವಿಭಾಗದವರಿಗೆ ಲೆಕ್ಕ ಬೇಕು. 0.2 ಮಿ.ಮೀ. ದಪ್ಪದ, 1 ಮೀಟರ್ ಉದ್ದದ 1 ಲಕ್ಷ ಎಳೆಗಳಿವೆ ಎಂದುಕೊಳ್ಳಿ. ಅವುಗಳ ಹೊರಮೈ ಸುಮಾರು 63 ಚದರ ಮೀಟರ್, ಅಂದರೆ 9 ಮೀಟರ್ ಉದ್ದ, 7 ಮೀಟರ್ ಅಗಲದ ತರಗತಿಯ ನೆಲದಷ್ಟು. ಅರ್ಧ ಜಾಗ ಖಾಲಿ ಬಿಟ್ಟರೂ ಅವೆಲ್ಲ 9 ಸೆಂ.ಮೀ. ಅಗಲದ ಕೊಳವೆಯಲ್ಲಿ ಹಿಡಿಸುತ್ತವೆ!

ಒಂದು ತೊಡಕಿದೆ. ಅನಿಲವನ್ನು ಬೇಗ ಬಿಡುವ ಪಾಲಿಮರ್ ಸಾಮಾನ್ಯವಾಗಿ ಚೆನ್ನಾಗಿ ಬೇರ್ಪಡಿಸುವುದಿಲ್ಲ. ಚೆನ್ನಾಗಿ ಬೇರ್ಪಡಿಸುವುದು ನಿಧಾನ. 1991ರಲ್ಲಿ ಲಾಯ್ಡ್ ರೋಬ್ಸನ್ ಈ ಮಿತಿಯನ್ನು ನಕ್ಷೆಯಲ್ಲಿ ಗೆರೆ ಎಳೆದು ತೋರಿಸಿದರು. ಅಲ್ಲಿಂದ ಇಲ್ಲಿಯವರೆಗೆ ಸಂಶೋಧಕರು ಆ ಗೆರೆ ದಾಟುವ ಪ್ರಯತ್ನದಲ್ಲಿದ್ದಾರೆ.

2008ರಲ್ಲಿ ಅಮೆರಿಕದ ವಿಮಾನಯಾನ ಆಡಳಿತ, ದೊಡ್ಡ ಪ್ರಯಾಣಿಕ ವಿಮಾನಗಳ ಟ್ಯಾಂಕಿನಲ್ಲಿ ಆವಿ ಹೊತ್ತಿಕೊಳ್ಳುವ ಅಪಾಯ ತಗ್ಗಿಸಲೇಬೇಕೆಂದು ನಿಯಮ ಮಾಡಿತು. ವಿಮಾನ ತಯಾರಕರು ಇದಕ್ಕೆ ಆರಿಸಿಕೊಂಡ ಮುಖ್ಯ ಉಪಾಯವೇ ಈ ಎಳೆಗಳು. 230 ಜನರ ಸಾವಿಗೂ ಈ ನಿಯಮಕ್ಕೂ ನಡುವೆ 12 ವರ್ಷ ಕಳೆದಿತ್ತು. ಸುರಕ್ಷತೆಯ ಖರ್ಚನ್ನು ಲೆಕ್ಕ ಹಾಕುವವರು ಆ ಸಂಖ್ಯೆಯನ್ನೂ ಲೆಕ್ಕದಲ್ಲಿ ಇಡಬೇಕು.

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ